ಅಳದವರನ್ನು ಕಂಡು ಅಳುವುದು

ಸಿನಿಮಾ ನೋಡುತ್ತ ಕಣ್ಣೊರೆಸಿಕೊಳ್ಳುವವರನ್ನು ಲೇವಡಿ ಮಾಡುವುದು ಸುಲಭ. ‘ಕರ್ಚೀಫ್ ಪಿಕ್ಚರ್’, ‘ಹೆಂಗಸರ ಸಿನಿಮಾ’ ಎಂಬ ಮಾತುಗಳು ಹುಟ್ಟಿದ್ದೇ ಹಾಗೆ. ತೆರೆಯ ಮೇಲೆ ಸತ್ತವನು ನಿಜಕ್ಕೂ ಸತ್ತಿಲ್ಲ, ಬೀದಿಪಾಲಾದವನು ಬೀದಿಪಾಲಾಗಿಲ್ಲ ಎಂಬುದು ಟೆಂಟಿನ ನೆಲದಲ್ಲಿ ಕುಳಿತವನಿಗೂ ಗೊತ್ತಿತ್ತು. ಅನೇಕ ಸಲ ಕಥೆಯ ಕೊನೆಯೂ ಮೊದಲೇ ಗೊತ್ತಿರುತ್ತಿತ್ತು. ಆದರೂ ಗಂಟಲು ಕಟ್ಟುತ್ತಿತ್ತು. ಯಾವ ದೃಶ್ಯಕ್ಕೆ ಹೀಗಾಗುತ್ತದೆ, ಯಾಕೆ ಆಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ನಂಜನಗೂಡು ಒಳ್ಳೆಯ ಜಾಗ.

ಇಲ್ಲಿನ ಶ್ರೀಕಂಠೇಶ್ವರ ದೇವಾಲಯದಲ್ಲಿ ಅರವತ್ತಮೂವರು ಪುರಾತನರ ವಿಗ್ರಹಗಳಿವೆ. ಅವರಲ್ಲೊಬ್ಬ ಬೇಡರ ಕಣ್ಣಪ್ಪ. ಶಿವಲಿಂಗದ ಕಣ್ಣಲ್ಲಿ ರಕ್ತ ಸುರಿಯುವುದನ್ನು ಕಂಡು ತನ್ನ ಕಣ್ಣನ್ನೇ ಕಿತ್ತು ಇಟ್ಟವನು ಅವನು. ಎರಡನೆಯ ಕಣ್ಣನ್ನೂ ಕಿತ್ತರೆ ಜಾಗ ಕಾಣಿಸುವುದಿಲ್ಲವಲ್ಲ ಎಂದು ಗುರುತಿಗಾಗಿ ಲಿಂಗದ ಮೇಲೆ ಕಾಲನ್ನು ಊರಿದವನು. ಹನ್ನೆರಡು-ಹದಿಮೂರನೇ ಶತಮಾನಗಳ ಆಸುಪಾಸಿನ ಹರಿಹರ ಈ ಕಥೆಯನ್ನು ರಗಳೆಯಲ್ಲಿ ಬರೆದ. ಕಂಪನಿ ನಾಟಕಗಳು ಅದನ್ನು ಊರೂರಿಗೆ ಒಯ್ದವು. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ ಅದು ಸಿನಿಮಾ ಆಯಿತು. ಅದರ ಹಿಂದಿನ ವರ್ಷವಷ್ಟೇ ಇದೇ ನಂಜನಗೂಡಿನಲ್ಲಿ ಮದುವೆಯಾಗಿದ್ದ ಮುತ್ತುರಾಜ್ ಎಂಬ ನಾಟಕದ ನಟ ಈ ಚಿತ್ರದಿಂದ ರಾಜಕುಮಾರ್ ಆದರು. ಚಿತ್ರದಲ್ಲಿ ನಟಿಸಿದವರಲ್ಲಿ ಊರಿನ ಮಗನೇ ಒಬ್ಬರಿದ್ದರು: 1917ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಎಂಟನೇ ವಯಸ್ಸಿಗೇ ಗುಬ್ಬಿ ಕಂಪನಿ ಸೇರಿದ ಜಿ.ವಿ. ಅಯ್ಯರ್.

ಕಣ್ಣಪ್ಪನ ಆ ದೃಶ್ಯದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಣ್ಣಪ್ಪ ತನ್ನ ನೋವಿಗೆ ಅಳುವುದಿಲ್ಲ. ಅವನ ಚಿಂತೆಯೆಲ್ಲ ಎದುರಿಗಿರುವ ದೇವರ ಕಣ್ಣಿನದು. ಅಳುವ ಕೆಲಸವನ್ನು ಅವನು ನೋಡುವವರಿಗೆ ಬಿಟ್ಟುಕೊಟ್ಟಿದ್ದಾನೆ.

ಹರಿಹರನ ಸೋದರಳಿಯ ರಾಘವಾಂಕ ಇದನ್ನು ಇನ್ನೂ ಮುಂದಕ್ಕೆ ಒಯ್ದ. ಅವನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ಚಂದ್ರಮತಿ ಹಾವು ಕಚ್ಚಿ ಸತ್ತ ಮಗ ಲೋಹಿತಾಶ್ವನನ್ನು ಹೊತ್ತು ಸುಡುಗಾಡಿಗೆ ಬರುತ್ತಾಳೆ. ಅವಳ ಪ್ರಲಾಪ ಕನ್ನಡ ಕಾವ್ಯದ ಪ್ರಸಿದ್ಧ ಭಾಗಗಳಲ್ಲಿ ಒಂದು. ಶಾಲೆಯಲ್ಲಿ ಪಾಠವಾಗಿ ಓದಿದವರೂ ಬಹಳ ಮಂದಿ. ಆದರೆ ನಾಟಕದ ಮಂದಿಗೆ ಗೊತ್ತಿದ್ದ ಗುಟ್ಟೆಂದರೆ, ಪ್ರೇಕ್ಷಕರು ಪೂರ್ತಿ ಸೋಲುವುದು ಪ್ರಲಾಪದಲ್ಲಲ್ಲ, ಅದರ ನಂತರ. ಮಸಣ ಕಾಯುವವನು ಹೆಣ ಸುಡಲು ಸುಂಕ ಕೇಳುತ್ತಾನೆ. ಎದುರಿಗಿರುವವಳು ತನ್ನ ಹೆಂಡತಿ, ಮಲಗಿರುವುದು ತನ್ನ ಮಗ ಎಂದು ಗೊತ್ತಾಗುತ್ತದೆ. ಗೊತ್ತಾದ ಮೇಲೂ ಸುಂಕವನ್ನು ಬಿಡುವುದಿಲ್ಲ, ಯಾಕೆಂದರೆ ಅದು ಅವನದಲ್ಲ, ಒಡೆಯನದು. ‘ಅಯ್ಯೋ, ಬಿಟ್ಟುಬಿಡಬಾರದೇ’ ಎಂದು ಸಭೆಯಲ್ಲಿದ್ದವರು ಒಳಗೇ ಕೂಗಿಕೊಳ್ಳುವುದು ಆಗಲೇ.

ಹುಣಸೂರು ಕೃಷ್ಣಮೂರ್ತಿ 1965ರಲ್ಲಿ ‘ಸತ್ಯ ಹರಿಶ್ಚಂದ್ರ’ವನ್ನು ತೆರೆಗೆ ತಂದಾಗ ಈ ಗುಟ್ಟನ್ನು ಕೈಬಿಡಲಿಲ್ಲ. ಚಂದ್ರಮತಿಯಾಗಿ ಪಂಢರಿಬಾಯಿ, ಒಡೆಯ ವೀರಬಾಹುವಾಗಿ ಎಂ.ಪಿ. ಶಂಕರ್, ಹರಿಶ್ಚಂದ್ರನಾಗಿ ರಾಜಕುಮಾರ್. ಮಾವ ಬರೆದ ಕಣ್ಣಪ್ಪನೂ ಅಳಿಯ ಬರೆದ ಹರಿಶ್ಚಂದ್ರನೂ ಹೀಗೆ ಏಳೆಂಟು ಶತಮಾನಗಳ ನಂತರ ಒಬ್ಬನೇ ನಟನ ಮುಖದಲ್ಲಿ ಕೂಡಿದರು. 2008ರಲ್ಲಿ ಚಿತ್ರಕ್ಕೆ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಲಾಯಿತು. ಬಣ್ಣ ಬೇಕಿತ್ತೇ ಎಂಬುದು ಬೇರೆ ಮಾತು. ಸುಡುಗಾಡಿಗೆ ಕಪ್ಪು-ಬಿಳುಪೇ ಚೆನ್ನಾಗಿತ್ತು.

ಹರಿಶ್ಚಂದ್ರನಿಗೆ ಅತ್ತವರು ಕನ್ನಡಿಗರಷ್ಟೇ ಅಲ್ಲ. ಬಾಲಕನಾಗಿದ್ದಾಗ ನೋಡಿದ ಹರಿಶ್ಚಂದ್ರ ನಾಟಕ ತಮ್ಮನ್ನು ಬಹುಕಾಲ ಕಾಡಿತು, ಅದನ್ನು ನೆನೆದು ಎಷ್ಟೋ ಸಲ ಅತ್ತಿದ್ದೆ ಎಂದು ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದನ್ನು ಓದಿ ಯಾರೂ ಅವರನ್ನು ಅಳುಬುರುಕ ಎಂದದ್ದಿಲ್ಲ.

ದುಃಖದ ನಾಟಕವನ್ನು ಜನ ಕಾಸು ಕೊಟ್ಟು ಯಾಕೆ ನೋಡುತ್ತಾರೆ ಎಂಬುದು ನಮ್ಮ ಮೀಮಾಂಸಕರಿಗೂ ಹಳೆಯ ತಲೆನೋವು. ಭರತನ ನಾಟ್ಯಶಾಸ್ತ್ರ ಶೋಕವನ್ನು ಕರುಣರಸದ ಸ್ಥಾಯಿಭಾವ ಎನ್ನುತ್ತದೆ; ಕಣ್ಣೀರನ್ನು ಎಂಟು ಸಾತ್ತ್ವಿಕ ಭಾವಗಳಲ್ಲಿ ಒಂದಾಗಿ ಎಣಿಸುತ್ತದೆ. ರಂಗದ ಮೇಲಿನ ಶೋಕ ನಟನದೂ ಅಲ್ಲ, ನೋಡುವವನ ಸ್ವಂತದ್ದೂ ಅಲ್ಲ, ಎಲ್ಲರಿಗೂ ಸೇರಿದ್ದಾಗುತ್ತದೆ. ಆದ್ದರಿಂದಲೇ ಅದು ಹಿತ ಎಂಬುದು ಮುಂದಿನವರ ವಿವರಣೆ. ತೀ.ನಂ. ಶ್ರೀಕಂಠಯ್ಯ ಅವರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಇದರ ಚರ್ಚೆ ತಿಳಿಗನ್ನಡದಲ್ಲಿ ಸಿಗುತ್ತದೆ.

ಪ್ರಯೋಗಾಲಯಗಳು ಈ ವಿಷಯಕ್ಕೆ ಕೈಹಾಕಿದ್ದು ತೀರಾ ಈಚೆಗೆ. 1995ರಲ್ಲಿ ಅಮೆರಿಕದ ಗ್ರಾಸ್ ಮತ್ತು ಲೆವೆನ್ಸನ್ ಎಂಬ ಮನೋವಿಜ್ಞಾನಿಗಳು 494 ಮಂದಿಗೆ ಸಿನಿಮಾ ತುಣುಕುಗಳನ್ನು ತೋರಿಸಿ, ಯಾವುದು ಯಾವ ಭಾವವನ್ನು ಕೆರಳಿಸುತ್ತದೆಂದು ಅಳೆದರು. ದುಃಖಕ್ಕೆ ಆರಿಸಿದ ಒಂದು ತುಣುಕು 1979ರ ‘ದಿ ಚಾಂಪ್’ ಚಿತ್ರದ ಕೊನೆ: ಬಾಕ್ಸಿಂಗ್ ಕಣದಿಂದ ಬಂದು ಸತ್ತ ಬಾಕ್ಸರ್ ಅಪ್ಪನ ಎದುರು ಪುಟ್ಟ ಹುಡುಗನೊಬ್ಬ ಬಿಕ್ಕಿ ಬಿಕ್ಕಿ ಅಳುವುದು. ಅಲ್ಲಿ ಹುಡುಗ ಅಳುತ್ತಾನಲ್ಲ ಎನ್ನಬಹುದು. ಮಗುವಿನ ಅಳುವಿಗೆ ಮನಸ್ಸು ಓಗೊಡುವುದು ಬೇರೆಯದೇ ದಾರಿ. ಅದಕ್ಕೆ ಕಥೆಯೂ ಬೇಕಾಗಿಲ್ಲ. ದೊಡ್ಡವರು ಗೋಳಾಡಿದರೆ ಮಾತ್ರ ಪ್ರೇಕ್ಷಕ ಸ್ವಲ್ಪ ಹೊತ್ತಿಗೇ ಕುರ್ಚಿಯಲ್ಲಿ ಹೊರಳಾಡತೊಡಗುತ್ತಾನೆ.

ಇನ್ನೊಂದು ಪ್ರಯೋಗ ನೆದರ್ಲೆಂಡ್ಸಿನದು, 2015ರಲ್ಲಿ ಪ್ರಕಟವಾದದ್ದು. ದುಃಖದ ಚಿತ್ರ ನೋಡಿದ 60 ಮಂದಿಯಲ್ಲಿ 28 ಮಂದಿ ಅತ್ತರು. ಚಿತ್ರ ಮುಗಿದ ಕೂಡಲೇ ಅವರ ಮನಸ್ಸು ಕುಗ್ಗಿತ್ತು. ಇಪ್ಪತ್ತು ನಿಮಿಷಕ್ಕೆ ಮೊದಲಿನ ಸ್ಥಿತಿಗೆ ಬಂತು. ತೊಂಬತ್ತು ನಿಮಿಷ ಕಳೆದಾಗ ಚಿತ್ರ ನೋಡುವ ಮುಂಚಿಗಿಂತಲೂ ಹಗುರಾಗಿತ್ತು. ಟೆಂಟಿನಲ್ಲಿ ಎರಡನೇ ಆಟ ಮುಗಿಸಿ, ಹೊಲದ ಬದುಗಳ ಮೇಲೆ ತಮ್ಮ ಹಳ್ಳಿಗೆ ನಡೆದು ಮುಟ್ಟುತ್ತಿದ್ದವರಿಗೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತಿದ್ದಿರಬೇಕು.

ಕಣ್ಣೀರಿನ ಜೊತೆಗೆ ಮೂಗು ಸೋರುವುದಕ್ಕೂ ಕಾರಣವಿದೆ. ಕಣ್ಣಿನ ಒಳಮೂಲೆಯಿಂದ ಮೂಗಿಗೆ ಸಣ್ಣ ನಾಳವಿದೆ. ಹೆಚ್ಚಾದ ಕಣ್ಣೀರು ಅದರಲ್ಲಿ ಇಳಿಯುತ್ತದೆ. ಕತ್ತಲಲ್ಲಿ ಗಂಡಸರು ಎಷ್ಟೇ ಬಿಗಿಯಾಗಿ ಕುಳಿತರೂ ಸಿಕ್ಕಿಬೀಳುತ್ತಿದ್ದುದು ಈ ಮೂಗಿನ ಸದ್ದಿನಿಂದ.

ಪೌರಾಣಿಕ ಕಥೆಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ದೊರೆ-ಭಗವಾನ್ ಜೋಡಿಯ ‘ಕಸ್ತೂರಿ ನಿವಾಸ’ (1971) ಬೆಂಕಿಪೊಟ್ಟಣದ ಕಾರ್ಖಾನೆಯ ಮಾಲೀಕನೊಬ್ಬನ ಕಥೆ. ಕೊಟ್ಟು ಕೊಟ್ಟು ಬರಿದಾದ ಅವನ ಮನೆಗೆ ಕೊನೆಯಲ್ಲಿ ಅತಿಥಿಯಾಗಿ ಬಂದವಳಿಗೆ ಊಟ ಹಾಕಲು ಉಳಿದಿದ್ದ ಒಂದೇ ಪಾರಿವಾಳವನ್ನೂ ಅವನು ಮಾರಿಸುತ್ತಾನೆ. ಅವಳು ಬಂದದ್ದೇ ಕಾಯಿಲೆ ಬಿದ್ದ ಮಗುವಿಗಾಗಿ ಆ ಪಾರಿವಾಳವನ್ನು ಕೇಳಲು. ಇಟಲಿಯ ಬೊಕಾಚಿಯೋ ಹದಿನಾಲ್ಕನೇ ಶತಮಾನದಲ್ಲಿ ಬರೆದ ‘ಡೆಕಾಮೆರಾನ್’ನಲ್ಲೂ ಇಂಥದೇ ಕಥೆಯಿದೆ: ಬಡವನಾದ ಫೆದೆರಿಗೊ ತನ್ನ ಪ್ರೀತಿಯ ಡೇಗೆಯನ್ನು ಕೊಂದು ಅಡುಗೆ ಮಾಡಿಸುತ್ತಾನೆ, ಬಂದವಳಿಗೆ ಬೇಕಾಗಿದ್ದದ್ದು ಜೀವಂತ ಡೇಗೆ. ಬೊಕಾಚಿಯೋ ಅವರಿಬ್ಬರಿಗೆ ಮದುವೆ ಮಾಡಿಸಿ ಕಥೆಯನ್ನು ಸುಖವಾಗಿ ಮುಗಿಸಿದ. ಕನ್ನಡದ ನಾಯಕನಿಗೆ ಆ ಅನುಕೂಲ ಸಿಗಲಿಲ್ಲ. ‘ಇಲ್ಲ’ ಎಂದು ಹೇಳಬೇಕಾಗಿ ಬಂದದ್ದೇ ಅವನ ಜೀವವನ್ನು ತೆಗೆಯುತ್ತದೆ.

ಮತ್ತೆ ನಂಜನಗೂಡಿಗೆ ಬಂದರೆ, ಈ ಊರಿನದೇ ಕಣ್ಣೀರಿನ ಕಥೆಯೊಂದಿದೆ. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ ಕಾದಂಬರಿ (1965) ಇಲ್ಲಿ ಶುರುವಾಗುತ್ತದೆ. ಶ್ರೀನಿವಾಸ ಶ್ರೋತ್ರಿಯರ ಮಗ ಕಪಿಲೆಯ ಪ್ರವಾಹದಲ್ಲಿ ಕೊಚ್ಚಿಹೋಗುತ್ತಾನೆ. ಚಿಕ್ಕ ಮಗುವಿನೊಂದಿಗೆ ವಿಧವೆಯಾಗಿ ಉಳಿದ ಸೊಸೆ ಕಾತ್ಯಾಯನಿ ಮೈಸೂರಿಗೆ ಹೋಗಿ ಓದುತ್ತಾಳೆ, ಮರುಮದುವೆಯಾಗುತ್ತಾಳೆ. ಮಗ ಮಾತ್ರ ನಂಜನಗೂಡಿನ ಮನೆಯಲ್ಲೇ ಉಳಿಯುತ್ತಾನೆ. ಮುಂದೆ ಆ ಮಗ ಓದಲು ಮೈಸೂರಿಗೆ ಬಂದಾಗಲೂ ತಾಯಿಗೆ ಅವನು ಕಣ್ಣಳತೆಯಲ್ಲಿದ್ದೂ ಕೈಗೆಟುಕುವುದಿಲ್ಲ. 1972ರಲ್ಲಿ ತೆರೆಕಂಡ ಚಿತ್ರವನ್ನು ನಿರ್ದೇಶಿಸಿದವರು ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತ, ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಕಾತ್ಯಾಯನಿಯಾದವರು ಎಲ್.ವಿ. ಶಾರದಾ. ನಿರ್ಮಾಪಕರು, ಮತ್ತೆ, ಜಿ.ವಿ. ಅಯ್ಯರ್.

‘ವಂಶವೃಕ್ಷ’ವನ್ನು ವಿಮರ್ಶಕರು ಹೊಸ ಅಲೆಯ ಕಪಾಟಿನಲ್ಲಿಟ್ಟರು, ‘ಸತ್ಯ ಹರಿಶ್ಚಂದ್ರ’ವನ್ನು ಜನಪ್ರಿಯ ಚಿತ್ರಗಳ ಕಪಾಟಿನಲ್ಲಿಟ್ಟರು. ಒಂದು ಬುದ್ಧಿಗೆ, ಇನ್ನೊಂದು ಕರ್ಚೀಫಿಗೆ ಎಂಬ ಈ ವಿಂಗಡಣೆ ಅಷ್ಟೇನೂ ನ್ಯಾಯವಾದದ್ದಲ್ಲ. ಧರ್ಮ ಎಂದು ತಾನು ನಂಬಿದ್ದನ್ನು ಬಿಡಲಾಗದ ಶ್ರೋತ್ರಿಯರು ಸುಂಕ ಬಿಡದ ಹರಿಶ್ಚಂದ್ರನ ಸಂಬಂಧಿಕರೇ. ವ್ಯತ್ಯಾಸವಿರುವುದು ಒಂದೇ ಕಡೆ. ಹರಿಶ್ಚಂದ್ರನ ಬಿಗಿತಕ್ಕೆ ಕೊನೆಯಲ್ಲಿ ದೇವರು ಬಂದು ಮಗನನ್ನು ಎಬ್ಬಿಸಿಕೊಡುತ್ತಾನೆ; ಕಾತ್ಯಾಯನಿಗೆ ಯಾರೂ ಬರುವುದಿಲ್ಲ. ಅಯ್ಯರ್ ಅವರೇ 1975ರಲ್ಲಿ ನಿರ್ದೇಶಿಸಿದ ‘ಹಂಸಗೀತೆ’ಯ ಸಂಗೀತಗಾರ ಹಾಡಬಾರದ ಕಡೆ ಹಾಡುವುದಕ್ಕಿಂತ ಎಂದು ನಾಲಿಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಕಣ್ಣು ಕಿತ್ತವನ ಕಥೆಯಿಂದ ನಾಲಿಗೆ ಕತ್ತರಿಸಿಕೊಂಡವನ ಕಥೆಗೆ ಅವರು ನಡೆದ ದಾರಿ ಹೊರಗೆ ಕಂಡಷ್ಟು ದೂರದ್ದಲ್ಲ.

ನಂಜನಗೂಡು ದಾಟಿದ ಕಪಿಲೆ ತಿರುಮಕೂಡಲಿನಲ್ಲಿ, ಅಂದರೆ ತಿ. ನರಸೀಪುರದಲ್ಲಿ, ಕಾವೇರಿಯನ್ನು ಸೇರುತ್ತದೆ. ಈ ಎರಡೂ ತಾಲ್ಲೂಕುಗಳು ಸಿನಿಮಾಕ್ಕಿಂತ ಮುಂಚೆ ತಂಬೂರಿಯವರ, ಕಂಸಾಳೆಯವರ ಸೀಮೆ. ಮಾದೇಶ್ವರನ ಕಥೆಯಲ್ಲಿ ಸಂಕಮ್ಮನ ಸಾಲು ಬಂದರೆ ಕೇಳುವ ಹೆಂಗಸರ ಸೆರಗು ಕಣ್ಣಿಗೆ ಹೋಗುತ್ತದೆ. ಕಾಡಿಗೆ ಹೊರಟ ಗಂಡ ನೀಲೇಗೌಡ ಬಲಗೈ ಭಾಷೆ ಕೊಡು ಎಂದು ಪೀಡಿಸುತ್ತಾನೆ, ಅವಳು ಕೊಡುವುದಿಲ್ಲ. ಹಿಂಸೆಯನ್ನು ಸಹಿಸುತ್ತಾಳೆಯೇ ಹೊರತು ಕೈ ಚಾಚುವುದಿಲ್ಲ.

ಈಗ ಟೆಂಟುಗಳಿಲ್ಲ, ಸಿನಿಮಾ ಅನೇಕರಿಗೆ ಅಂಗೈಯ ಫೋನಿನಲ್ಲೇ ಮುಗಿಯುತ್ತದೆ. ಆದರೆ ಈ ಭಾಗದ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ನಿಂತಿಲ್ಲ. ಊರಿನ ರೈತರೇ, ಅಂಗಡಿಯವರೇ ಪಾತ್ರಧಾರಿಗಳು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ರಾತ್ರಿ ಶುರುವಾದ ಆಟ ಬೆಳಗಿನವರೆಗೆ ನಡೆಯುತ್ತದೆ. ಕರ್ಣ-ಕುಂತಿಯರ ದೃಶ್ಯದಲ್ಲಿ, ನೀನು ನನ್ನ ಮಗ ಎಂದವಳೇ ತೊಟ್ಟ ಅಂಬನ್ನು ಮತ್ತೆ ತೊಡಬೇಡ ಎಂದು ವರ ಕೇಳುತ್ತಾಳೆ. ಕೊಟ್ಟರೆ ತಾನು ಉಳಿಯುವುದಿಲ್ಲ ಎಂಬುದು ಕರ್ಣನಿಗೆ ಗೊತ್ತು. ಅಷ್ಟರಲ್ಲಿ ಮೈಕಿನಲ್ಲಿ ಯಾರೋ ಪಾತ್ರಧಾರಿಗೆ ಐನೂರು ರೂಪಾಯಿ ಬಹುಮಾನ ಕೊಟ್ಟದ್ದನ್ನು ಕೂಗುತ್ತಾರೆ, ಹಾರ ಬೀಳುತ್ತದೆ, ಕರ್ಣ ನಮಸ್ಕರಿಸುತ್ತಾನೆ. ಹಾರ ತೆಗೆದಿಟ್ಟು, ಹಾರ್ಮೋನಿಯಂ ಶ್ರುತಿ ಹಿಡಿದ ಮೇಲೆ, ಅವನು ವರ ಕೊಡುತ್ತಾನೆ. ಚಾಪೆಯ ಮೇಲಿದ್ದವರು ಬಿಟ್ಟಿದ್ದ ಕಡೆಯಿಂದಲೇ ಮತ್ತೆ ಅಳತೊಡಗುತ್ತಾರೆ.