ವಾರದಲ್ಲಿ ಮೂರು ದಿನ ಡಯಾಲಿಸಿಸ್, ನಾಲ್ಕು ದಿನ ಬೇಸಾಯ

ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಆರೂವರೆ ಬಸ್ಸಿಗೆ ನಾನು ತಾಲ್ಲೂಕು ಆಸ್ಪತ್ರೆಗೆ ಹೊರಡ್ತೀನಿ. ಮೆಷಿನ್ ಪಕ್ಕ ನಾಲ್ಕು ಗಂಟೆ ಮಲಗಬೇಕು. ಮನೆಗೆ ಬಂದ ಮೇಲೆ ಆ ದಿನ ಗುದ್ದಲಿ ಹಿಡಿಯೋ ಶಕ್ತಿ ಇರಲ್ಲ. ನನಗೀಗ 34 ವರ್ಷ, ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷ ಆಯ್ತು. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಎರಡೂವರೆ ಎಕರೆ ಜಮೀನು, ಒಂದು ಬೋರ್‌ವೆಲ್, ಎರಡು ಹಸು ನಮ್ಮ ಆಸ್ತಿ. ಅಯ್ಯೋ ಪಾಪ ಅನ್ನಿಸಿಕೊಳ್ಳಲು ಇದನ್ನು ಬರೀತಿಲ್ಲ. ನಾನು ಮಾಡಿದ ತಪ್ಪು ನೀವು ಮಾಡದಿರಲಿ ಅಂತ ಬರೀತಿದ್ದೀನಿ.

ಗೊತ್ತಾಗಿದ್ದು ತಡವಾಗಿ

ನನಗೆ ಬಿಪಿ ಇತ್ತು, ಒಮ್ಮೆಯೂ ನೋಡಿಸಿರಲಿಲ್ಲ. ಟೊಮೆಟೊ ಕ್ರೇಟ್ ಹೊತ್ತ ದಿನ ಸಂಜೆ ಮೈಕೈ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗೋದು ವರ್ಷಗಟ್ಟಲೆ ನಡೀತು. ಕಾಲು ಊದಿದಾಗ ಓಡಾಟ ಜಾಸ್ತಿ ಆಗಿದೆ ಅಂದುಕೊಂಡೆ. ಕಿಡ್ನಿ ಬಹುಪಾಲು ಹಾಳಾಗೋವರೆಗೂ ನೋವು ಕೊಡಲ್ಲ ಅನ್ನೋದು ಆಮೇಲೆ ತಿಳೀತು.

ಬಚ್ಚಿಟ್ಟಿದ್ದಕ್ಕೆ ಬಡ್ಡಿ

ಆಗ ತಂಗಿಗೆ ಗಂಡು ನೋಡ್ತಿದ್ದರು. ಊರಿಗೆ ಗೊತ್ತಾಗಬಾರದು ಅಂತ ದೂರದ ಖಾಸಗಿ ಆಸ್ಪತ್ರೆಗೆ ಹೋದೆ. ಎರಡು ಹಸು ಮಾರಿದೆ. ಮೂರು ರೂಪಾಯಿ ಬಡ್ಡಿಗೆ ಒಂದೂವರೆ ಲಕ್ಷ ಕೈಸಾಲ ಮಾಡಿದೆ. ತಿಂಗಳಿಗೆ ನೂರಕ್ಕೆ ಮೂರು ಅಂದ್ರೆ ಸಣ್ಣದು ಅನ್ಸುತ್ತೆ, ಲೆಕ್ಕ ಹಾಕಿ ನೋಡಿ: ವರ್ಷಕ್ಕೆ 54,000 ರೂಪಾಯಿ ಬರೀ ಬಡ್ಡಿ. ಆ ಗಡಿಬಿಡಿಯಲ್ಲಿ ಸೊಸೈಟಿಯ ಬೆಳೆ ಸಾಲದ ಕಂತಿನ ದಿನ ದಾಟಿಹೋಯ್ತು. ಗಡುವಿನೊಳಗೆ ಕಟ್ಟಿದರೆ ಬಡ್ಡಿ ಇಲ್ಲದ ಸಾಲ, ಅದಕ್ಕೂ ಬಡ್ಡಿ ಬಿತ್ತು.

ಕೊನೆಗೆ ಹೆಂಡತಿ ಆಶಾ ಕಾರ್ಯಕರ್ತೆ ಹತ್ರ ಅತ್ತುಕೊಂಡು ಹೇಳಿಬಿಟ್ಟಳು. ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತ ಡಯಾಲಿಸಿಸ್ ಇದೆ ಅಂತ ಗೊತ್ತಾಗಿದ್ದು ಆವತ್ತೇ. ಬಾಯಿ ಬಿಟ್ಟಿದ್ದರೆ ಏಳು ತಿಂಗಳು ಮೊದಲೇ ಗೊತ್ತಾಗ್ತಿತ್ತು. ತಂಗಿ ಮದುವೆ ಮಾತ್ರ ಯಾವ ಅಡ್ಡಿಯೂ ಇಲ್ಲದೆ ನಡೀತು.

ಜಮೀನನ್ನು ಕಾಯಿಲೆಗೆ ಹೊಂದಿಸಿದೆವು

ಮೊದಲು ಬಿಟ್ಟಿದ್ದು ಟೊಮೆಟೊ. ಡಯಾಲಿಸಿಸ್‌ಗಾಗಿ ಎಡಗೈಯಲ್ಲಿ ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ್ದಾರೆ, ಆ ಕೈಯಲ್ಲಿ ಭಾರ ಎತ್ತಬಾರದು. ಕ್ರೇಟ್ ಹೊರೋದು, ಕಡ್ಡಿ ನೆಡೋದು, ಸ್ಪ್ರೇ ಟ್ಯಾಂಕ್ ಯಾವುದೂ ಆಗಲ್ಲ. ಪೊಟ್ಯಾಸಿಯಂ ಜಾಸ್ತಿ ಅಂತ ಟೊಮೆಟೊ, ಬಾಳೆಹಣ್ಣು, ಎಳನೀರಿಗೂ ಡಾಕ್ಟರ್ ಕಡಿವಾಣ ಹಾಕಿದ್ದಾರೆ.

ಎರಡನೆಯದು ರೇಷ್ಮೆ ಹುಳು. ಹುಳು ಒಟ್ಟು ತಿನ್ನೋ ಸೊಪ್ಪಿನಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಕೊನೆಯ ಹಂತದ ಒಂದು ವಾರದಲ್ಲೇ ತಿನ್ನುತ್ತೆ. ಆ ವಾರದಲ್ಲೂ ನನಗೆ ಮೂರು ದಿನ ಆಸ್ಪತ್ರೆ. ಒಂದು ಬೆಳೆ ಹೆಂಡತಿ ಒಬ್ಬಳೇ ಸಾಕಿದಳು, ಗೂಡು ಹಗುರ ಬಂತು. ಹಿಪ್ಪುನೇರಳೆ ಮಾತ್ರ ಕೀಳಲಿಲ್ಲ. ಈಗ ಸೊಪ್ಪನ್ನೇ ಮಾರ್ತೀವಿ, ಕೊಂಡವರೇ ಬಂದು ಕಟಾವು ಮಾಡ್ಕೊಂಡು ಹೋಗ್ತಾರೆ. ಗೂಡಿನಷ್ಟು ದುಡ್ಡಿಲ್ಲ ನಿಜ, ಆದರೆ ಹುಳು ಸಾಯೋ ಭಯವೂ ಇಲ್ಲ.

ಖುಷ್ಕಿಯಲ್ಲಿ ರಾಗಿ, ಸಾಲಿಗೆ ತೊಗರಿ. ಹುಲ್ಲು ಹಸುಗಳಿಗೆ. ಡೇರಿ ದುಡ್ಡಲ್ಲಿ ಬಸ್ ಚಾರ್ಜು, ಮಾತ್ರೆ ನಡೆಯುತ್ತೆ. ಬೋರ್‌ವೆಲ್ಲಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೀನಿ. ತ್ರೀ ಫೇಸ್ ಕರೆಂಟ್ ಬಂದಾಗ ಆಸ್ಪತ್ರೆ ಹಾಸಿಗೆಯಿಂದಲೇ ಬಲಗೈಯಲ್ಲಿ ಮೋಟರ್ ಆನ್ ಮಾಡ್ತೀನಿ.

ಈ ವಾರವೇ ಮಾಡಿ

• 30 ದಾಟಿದ್ದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ನೋಡಿಸಿ, ದುಡ್ಡು ಕೊಡಬೇಕಿಲ್ಲ. ಜಾಸ್ತಿ ಇದ್ದರೆ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಿ.
• ನೋವಿನ ಮಾತ್ರೆಯನ್ನು ಚೀಟಿ ಇಲ್ಲದೆ ದಿನಾ ನುಂಗಬೇಡಿ.
• ರೇಷನ್ ಕಾರ್ಡಲ್ಲಿ ಮನೆಯ ಎಲ್ಲರ ಹೆಸರು ಸರಿ ಇದೆಯಾ ನೋಡಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶ ಇದೆ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ನೋಂದಣಿ ಯಾವಾಗ ಅಂತ ಸೊಸೈಟಿಯಲ್ಲಿ ಕೇಳಿ.
• ಸಾಲ ಕಟ್ಟುವ ದಿನಕ್ಕೆ 15 ದಿನ ಮೊದಲೇ ಫೋನಲ್ಲಿ ರಿಮೈಂಡರ್ ಇಡಿ. ರಿಪೋರ್ಟ್, ಪಾಸ್‌ಬುಕ್, ಪಹಣಿ ಫೋಟೊ ತೆಗೆದು ಮನೆಯವರ ಫೋನಿಗೂ ಕಳಿಸಿ.
• ಕಾಯಿಲೆ ಬಂದರೆ ಜಮೀನು ಮಾರೋ ಮಾತಿಗಿಂತ ಮೊದಲು ಬೆಳೆ ಬದಲಾಯಿಸೋ ಮಾತಾಡಿ.

ಕಿಡ್ನಿ ಕಸಿಗೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿದ್ದೀನಿ. ಕರೆ ಯಾವಾಗ ಬರುತ್ತೋ, ಬರುತ್ತೋ ಇಲ್ಲವೋ ಹೇಳೋಕಾಗಲ್ಲ. ಕೈಸಾಲದಲ್ಲಿ ಇನ್ನೂ 60,000 ಬಾಕಿ ಇದೆ. ಜಮೀನು ಮಾತ್ರ ನಮ್ಮ ಹೆಸರಲ್ಲೇ ಇದೆ. ನಾಳೆ ಗುರುವಾರ, ತೊಗರಿ ಕುಡಿ ಚಿವುಟಬೇಕು.