ಗುಡುವಾಂಚೇರಿಯ ‘ಉಲಾ’

ಚೆನ್ನೈನಿಂದ ಜಿಎಸ್‌ಟಿ ರಸ್ತೆ ಹಿಡಿದು ಚೆಂಗಲ್ಪಟ್ಟಿನ ಕಡೆ ಹೊರಟರೆ ಗುಡುವಾಂಚೇರಿಯ ಹತ್ತಿರ ಜೋಹೊ ಕಂಪನಿಯ ಕೇಂದ್ರ ಕಚೇರಿ ಸಿಗುತ್ತದೆ. 1996ರಲ್ಲಿ ಅಡ್ವೆಂಟ್‌ನೆಟ್ ಎಂಬ ಹೆಸರಿನಲ್ಲಿ ಶುರುವಾದ ಸಂಸ್ಥೆ ಇದು. ಇಮೇಲ್, ಲೆಕ್ಕಪತ್ರದಂಥ ಕಚೇರಿ ತಂತ್ರಾಂಶಗಳಿಗೆ ಹೆಸರಾಗಿದ್ದ ಜೋಹೊ 2023ರ ಮೇನಲ್ಲಿ ‘ಉಲಾ’ ಎಂಬ ಬ್ರೌಸರ್ ಹೊರತಂದಿತು. ಕ್ರೋಮ್, ಫೈರ್‌ಫಾಕ್ಸ್ ಪುಕ್ಕಟೆ ಸಿಗುವಾಗ ಮತ್ತೊಂದು ಯಾಕೆ? ಬಳಕೆದಾರರ ಬೆನ್ನು ಹತ್ತುವ ಜಾಹೀರಾತು ಟ್ರ್ಯಾಕರ್‌ಗಳನ್ನು ತಡೆಯುವುದಕ್ಕೆ ಎನ್ನುವುದು ಕಂಪನಿಯ ಉತ್ತರ. ಕಚೇರಿಗೆ, ಸ್ವಂತಕ್ಕೆ, ಮಕ್ಕಳಿಗೆ, ಪ್ರೋಗ್ರಾಂ ಬರೆಯುವವರಿಗೆ ಎಂದು ಬೇರೆ ಬೇರೆ ಮೋಡ್‌ಗಳಿವೆ. ಐದನೆಯದು, ಇಂಥ ತಡೆಗಳ ಗೊಡವೆಯೇ ಬೇಡ ಎನ್ನುವವರಿಗೆ.

‘ಸ್ವದೇಶಿ ಬ್ರೌಸರ್’ ಎಂಬ ಬಿರುದನ್ನು ಮಾತ್ರ ಸ್ವಲ್ಪ ತೂಗಿ ನೋಡಬೇಕು. ಉಲಾ ನಿಂತಿರುವುದು ಗೂಗಲ್ ಮುಂದಾಳತ್ವದ ಮುಕ್ತ ಯೋಜನೆ ಕ್ರೋಮಿಯಂ ಮೇಲೆ. ಎಡ್ಜ್, ಬ್ರೇವ್, ಒಪೆರಾಗಳದ್ದೂ ಅದೇ ಬುನಾದಿ. ಇನ್ನೂ ಹಿಂದಕ್ಕೆ ಹೋದರೆ, ಲಿನಕ್ಸ್ ಬಳಕೆದಾರರಿಗಾಗಿ ಕೆಡಿಇ ಬಳಗ 1998ರ ಸುಮಾರಿಗೆ ಬರೆಯತೊಡಗಿದ, ಜಾಲಪುಟಗಳನ್ನು ಪರದೆಗೆ ಮೂಡಿಸುವ ಕೆಎಚ್‌ಟಿಎಂಎಲ್ ಎಂಜಿನ್ ಸಿಗುತ್ತದೆ. ಆಪಲ್ ಅದನ್ನೆತ್ತಿಕೊಂಡು ವೆಬ್‌ಕಿಟ್ ಮಾಡಿತು. 2008ರಲ್ಲಿ ಕ್ರೋಮ್ ಅದರ ಮೇಲೆ ಬಂತು. 2013ರಲ್ಲಿ ಗೂಗಲ್ ಕವಲೊಡೆದು ತನ್ನದೇ ಬ್ಲಿಂಕ್ ಕಟ್ಟಿಕೊಂಡಿತು. ಕೆಡಿಇಯವರ ಪರವಾನಗಿಯಲ್ಲಿ, ತಿದ್ದಿ ಹಂಚಿದವರು ಆ ತಿದ್ದುಪಡಿಯನ್ನೂ ತೆರೆದಿಡಬೇಕಿತ್ತು. ಕ್ರೋಮಿಯಂಗೆ ಗೂಗಲ್ ಕೊಟ್ಟ ಪರವಾನಗಿ ಅಷ್ಟು ಬಿಗಿಯಲ್ಲ; ಅದರ ಮೇಲೆ ತಾವು ಸೇರಿಸಿದ್ದನ್ನು ಮುಚ್ಚಿಟ್ಟುಕೊಳ್ಳಬಹುದು. ಆದ್ದರಿಂದ ಉಲಾ ಉಚಿತ, ಅದರ ಬುನಾದಿ ಮುಕ್ತ. ಇಡೀ ಬ್ರೌಸರ್ ಮುಕ್ತ ತಂತ್ರಾಂಶ ಎನ್ನಲಾಗದು.

ಹಾಗೆಂದು ಕ್ರೋಮಿಯಂ ಮೇಲೆ ಬ್ರೌಸರ್ ಕಟ್ಟುವವರ ಕೆಲಸ ಹಗುರವೇನಲ್ಲ. ಕ್ರೋಮ್ 2021ರಲ್ಲಿ ನಾಲ್ಕು ವಾರಕ್ಕೊಂದು ಹೊಸ ಆವೃತ್ತಿ ತರುವ ಪದ್ಧತಿ ಹಿಡಿಯಿತು; ಭದ್ರತೆಯ ತೇಪೆಗಳು ಅದಕ್ಕಿಂತ ಬೇಗ ಬರುತ್ತವೆ. ಕೋಟಿಗಳ ಲೆಕ್ಕದಲ್ಲಿರುವ ಕೋಡ್ ಸಾಲುಗಳಲ್ಲಿ ತಮ್ಮ ಬದಲಾವಣೆ ಕೆಡದಂತೆ ಹೊಸದನ್ನು ಸೇರಿಸುತ್ತಲೇ ಇರಬೇಕು. ತಡವಾದರೆ, ಜಗತ್ತಿಗೆಲ್ಲ ಗೊತ್ತಾದ ಲೋಪ ತಮ್ಮಲ್ಲಿ ಮಾತ್ರ ಉಳಿದುಬಿಡುತ್ತದೆ.

ಈ ಬುನಾದಿಯ ಉಪಕಾರ ಕನ್ನಡಿಗರಿಗೂ ಇದೆ. ‘ಸ್ತ್ರೀ’ ಎಂದು ಟೈಪಿಸಿದರೆ ಬ್ರೌಸರಿಗೆ ತಲುಪುವುದು ಆರು ಯೂನಿಕೋಡ್ ಸಂಕೇತಗಳು: ಸ, ವಿರಾಮ, ತ, ವಿರಾಮ, ರ, ಈಕಾರ. ಅವನ್ನು ಒಂದೇ ಅಕ್ಷರವಾಗಿ ಜೋಡಿಸಿ, ಒತ್ತುಗಳನ್ನು ಜಾಗದಲ್ಲಿ ಕೂರಿಸುವುದು ಹಾರ್ಫ್‌ಬಜ್ ಎಂಬ ಮತ್ತೊಂದು ಮುಕ್ತ ತಂತ್ರಾಂಶ. ಕ್ರೋಮಿಯಂ ಬಳಸಿದವರಿಗೆ ಈ ಅಕ್ಷರಜೋಡಣೆ ಕೈತುತ್ತಿನಂತೆ ಬರುತ್ತದೆ.

2023ರ ಆಗಸ್ಟ್‌ನಲ್ಲಿ ಕೇಂದ್ರದ ಐಟಿ ಸಚಿವಾಲಯ ಭಾರತೀಯ ಬ್ರೌಸರ್ ಸ್ಪರ್ಧೆ ಘೋಷಿಸಿತು. ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಬೆಂಗಳೂರು ಕೇಂದ್ರ ಕೂಡ ಅದರ ಹೊಣೆ ಹೊತ್ತಿತ್ತು. 2025ರ ಮಾರ್ಚ್‌ನಲ್ಲಿ ಫಲಿತಾಂಶ ಬಂದಾಗ ಜೋಹೊಗೆ ಮೊದಲ ಬಹುಮಾನ, ಒಂದು ಕೋಟಿ ರೂಪಾಯಿ. ಸ್ಪರ್ಧೆಯ ಮುಖ್ಯ ಷರತ್ತೊಂದಿತ್ತು: ಡಿಜಿಟಲ್ ಪ್ರಮಾಣಪತ್ರ ಕೊಡುವವರ ಮೇಲ್ವಿಚಾರಣೆ ನಡೆಸುವ ಭಾರತದ ಸಿಸಿಎ ಸಂಸ್ಥೆಯ ಮೂಲ ಪ್ರಮಾಣಪತ್ರವನ್ನು ಬ್ರೌಸರ್ ನಂಬಬೇಕು. ವಿಳಾಸದ ಪಕ್ಕದ ಬೀಗದ ಗುರುತು ನಿಂತಿರುವುದು, ತಾಣ ಅಸಲಿ ಎಂದು ಸಾರುವ ಇಂಥ ಪ್ರಮಾಣಪತ್ರಗಳ ಮೇಲೆಯೇ. 2014ರಲ್ಲಿ ಸಿಸಿಎ ಅಡಿಯ, ಸರ್ಕಾರಿ ಐಟಿ ಸಂಸ್ಥೆ ಎನ್‌ಐಸಿಯ ಘಟಕದಿಂದ ಗೂಗಲ್ ತಾಣಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದಿದ್ದವು. ಕ್ರೋಮ್ ಆಗ ಸಿಸಿಎ ಮೇಲಿನ ನಂಬಿಕೆಯನ್ನು ಕೆಲವೇ ಭಾರತೀಯ ಡೊಮೇನ್‌ಗಳಿಗೆ ಮಿತಿಗೊಳಿಸಿತು. ಹೀಗಾಗಿ ಉಲಾ ಒಂದೇ ನಂಬಿದರೆ ಸಾಲದು. ಅದೇ ತಾಣ ಕ್ರೋಮ್‌ನಲ್ಲಿ ಎಚ್ಚರಿಕೆಯ ಪರದೆ ತೋರಿಸುವಂತಿದ್ದರೆ, ಗ್ರಾಹಕರನ್ನು ಕಳೆದುಕೊಂಡು ದೇಶಿ ಪ್ರಮಾಣಪತ್ರ ಹಾಕಿಕೊಳ್ಳಲು ಯಾವ ಬ್ಯಾಂಕೂ ಮುಂದೆ ಬರಲಾರದು.