ಕಾಫಿಪುಡಿಯಲ್ಲಿ ಕಾಫಿ ಎಷ್ಟು?

ಪೊಳ್ಳಾಚಿ, ಉಡುಮಲೈ ಕಡೆಯ ರೈತ ಬಾಂಧವರ ಮನೆಗೆ ಹೋದರೆ ಕೂರುವ ಮೊದಲೇ ಕಾಫಿ ಲೋಟ ಕೈಗೆ ಬರುತ್ತದೆ. ಬೇಡವೆನ್ನಲು ನಮಗೂ ಮನಸ್ಸಾಗುವುದಿಲ್ಲ. ಮೇಲೆ ವಾಲ್ಪಾರೈ ಬೆಟ್ಟದಲ್ಲಿ ಚಹಾದ ಜೊತೆಗೆ ಕಾಫಿಯನ್ನೂ ಬೆಳೆಯುತ್ತಾರೆ. ಆದರೂ ನಮ್ಮ ಲೋಟದಲ್ಲಿ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ವಿಚಾರಿಸುವವರು ವಿರಳ.

ಚಿಕೋರಿ ಎಂಬುದು ಒಂದು ಗಿಡದ ಬೇರು. ಹುರಿದು ಪುಡಿ ಮಾಡಿದರೆ ಬಣ್ಣವನ್ನೂ ಕಹಿಯನ್ನೂ ಕೊಡುತ್ತದೆ. ಆದರೆ ಅದರಲ್ಲಿ ಕೆಫೀನ್ ಇಲ್ಲ. ಆದುದರಿಂದ ಕೆಫೀನನ್ನು ಅಳೆದರೆ ಕಾಫಿಯ ಪಾಲನ್ನು ಅಂದಾಜು ಮಾಡಬಹುದು. 2011ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕನಿಷ್ಠ ಶೇ. 51 ಕಾಫಿ, ಶೇ. 0.6 ಕೆಫೀನ್ ಇರಬೇಕು.

ಅಳೆಯುವುದು ಹೇಗೆ?

ತೂಕ ಮಾಡಿದ ಪುಡಿಯನ್ನು ಮೆಗ್ನೀಷಿಯಂ ಆಕ್ಸೈಡ್ ಬೆರೆಸಿದ ಬಿಸಿನೀರಿನಲ್ಲಿಟ್ಟು ಸೋಸುತ್ತಾರೆ. ಆ ರಸದ ಒಂದು ಹನಿಗಿಂತಲೂ ಕಡಿಮೆ ಪ್ರಮಾಣವನ್ನು, ಬಹಳ ನುಣುಪಾದ ಸಿಲಿಕಾ ಕಣಗಳನ್ನು ತುಂಬಿದ ಸಣ್ಣ ಉಕ್ಕಿನ ಕೊಳವೆಯೊಳಕ್ಕೆ ಬಿಟ್ಟು, ನೀರು-ಮೆಥನಾಲ್ ದ್ರವವನ್ನು ಪಂಪಿನ ಒತ್ತಡದಿಂದ ಹರಿಸುತ್ತಾರೆ. ಸಂತೆಗೆ ಒಟ್ಟಿಗೆ ಹೊರಟವರಲ್ಲಿ ದಾರಿಯ ಅಂಗಡಿಗಳಲ್ಲಿ ನಿಂತವರು ತಡವಾಗಿ ತಲುಪುವುದಿಲ್ಲವೇ? ಹಾಗೆಯೇ ಕಣಗಳಿಗೆ ಹೆಚ್ಚು ಅಂಟುವ ವಸ್ತು ತಡವಾಗಿ ಹೊರಬರುತ್ತದೆ. ಕೆಫೀನ್ ಹೊರಬಂದಾಗ 272 ನ್ಯಾನೋಮೀಟರಿನ ಅತಿನೇರಳೆ ಬೆಳಕನ್ನು ಹೀರಿಕೊಳ್ಳುತ್ತದೆ; ಕಾಗದದ ಮೇಲೆ ಒಂದು ಶಿಖರ ಮೂಡುತ್ತದೆ. ಶುದ್ಧ ಕೆಫೀನಿನ ಶಿಖರದೊಡನೆ ಅದನ್ನು ಹೋಲಿಸಿ ಲೆಕ್ಕ ಹಾಕುತ್ತಾರೆ. ಇದಕ್ಕೆ 2008ರಲ್ಲಿ ಐಎಸ್ಒ 20481 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಬಂದಿದೆ.

ಅಂಕಿಯೊಂದೇ ಸಾಲದು

ಅರೇಬಿಕಾದಲ್ಲಿ ಸುಮಾರು ಶೇ. 1.2 ಕೆಫೀನ್ ಇದ್ದರೆ ರೊಬಸ್ಟಾದಲ್ಲಿ ಸುಮಾರು ಶೇ. 2.2 ಇರುತ್ತದೆ. ಅರ್ಧದಷ್ಟು ಅರೇಬಿಕಾ ಹಾಕಿದರೆ 0.6 ಬರುತ್ತದೆ. ರೊಬಸ್ಟಾ ಆದರೆ ಶೇ. 27 ಹಾಕಿದರೂ ಅದೇ 0.6 ಬಂದುಬಿಡುತ್ತದೆ! ಯಂತ್ರ ಸುಳ್ಳು ಹೇಳುವುದಿಲ್ಲ. ಆದರೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಚಿಕೋರಿಯನ್ನು ಕಾಫಿಯ ಬೆಲೆಗೆ ಮಾರಿದರೆ ಕೊಳ್ಳುವವರಿಗೆ ಮೋಸ, ಬೆಟ್ಟದ ಬೆಳೆಗಾರನಿಗೂ ನಷ್ಟ.

ಮನೆಯಲ್ಲಿ ಗಮನಿಸಿ

ಗರ್ಭಿಣಿಯರಿಗೆ ದಿನಕ್ಕೆ 200 ಮಿಲಿಗ್ರಾಂ, ಇತರ ವಯಸ್ಕರಿಗೆ 400 ಮಿಲಿಗ್ರಾಂವರೆಗೆ ಕೆಫೀನ್ ಅಪಾಯವಲ್ಲವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿತು. ಹತ್ತು ಗ್ರಾಂ ರೊಬಸ್ಟಾ ಪುಡಿಯಲ್ಲೇ ಸುಮಾರು 220 ಮಿಲಿಗ್ರಾಂ ಇರುತ್ತದೆ. ಬಹುಪಾಲು ಡಿಕಾಕ್ಷನ್‌ಗೆ ಇಳಿಯುತ್ತದೆ. ಬಸುರಿ ಸೊಸೆಗೆ ಎರಡನೇ ಲೋಟ ಕೊಡುವ ಮುನ್ನ ಅತ್ತೆಯಂದಿರು ಯೋಚಿಸಲಿ.

ಪೊಟ್ಟಣದ ಮೇಲೆ ಕಾಫಿ, ಚಿಕೋರಿಗಳ ಶೇಕಡಾವಾರು ಅಚ್ಚಾಗಿರಲೇಬೇಕು. ಅದನ್ನು ಓದಿರಿ. ಒಂದು ಲೋಟ ತಣ್ಣೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿರಿ: ಕಾಫಿ ತೇಲುತ್ತದೆ, ಚಿಕೋರಿ ಬಣ್ಣದ ಗೆರೆ ಬಿಡುತ್ತಾ ಕೆಳಗಿಳಿಯುತ್ತದೆ. ಪ್ರಯೋಗಾಲಯದಷ್ಟು ನಿಖರವಲ್ಲದಿದ್ದರೂ ಅಂಗಡಿಯವನನ್ನು ಪ್ರಶ್ನೆ ಕೇಳಲು ಇಷ್ಟು ಸಾಕು.